ಮನವಿ ದೆಹಲಿಗೆ, ಪುರಾವೆ ನಮ್ಮ ಅಂಗಳದಲ್ಲೇ

ಓದುಗರ ಪತ್ರ

ಮಾನ್ಯ ಸಂಪಾದಕರೇ,
ನಮ್ಮದು ಕೋಲಾರ ಜಿಲ್ಲೆಯ ಒಂದು ಸಣ್ಣ ಕ್ರೈಸ್ತ ಸಭೆ. ಆಗಸ್ಟ್ 10ಕ್ಕೆ ತೋಳಿಗೆ ಕಪ್ಪು ಪಟ್ಟಿ, ನವೆಂಬರ್ ಎರಡನೇ ಭಾನುವಾರ ದಲಿತ ವಿಮೋಚನಾ ಭಾನುವಾರದ ಆರಾಧನೆ, ಆಮೇಲೆ ದಲಿತ ಕ್ರೈಸ್ತರನ್ನೂ ಪರಿಶಿಷ್ಟ ಜಾತಿಯ ಪಟ್ಟಿಗೆ ಸೇರಿಸಿ ಎಂಬ ಮನವಿಪತ್ರಕ್ಕೆ ಎಲ್ಲರ ಸಹಿ. ನಮ್ಮಪ್ಪ ಸಹಿ ಹಾಕಿದರು, ನಾನೂ ಹಾಕಿದೆ, ಈಗ ಮಗಳೂ ಹಾಕುತ್ತಾಳೆ. ಆದದ್ದೇನೂ ಇಲ್ಲ. ಆತ್ಮಗಳ ರಕ್ಷಣೆಯ ಮಾತು ಬಿಟ್ಟು ಸಭೆಗೆ ಮೀಸಲಾತಿಯ ಗೊಡವೆ ಏಕೆ, ಕ್ರಿಸ್ತನಲ್ಲಿ ಜಾತಿ ಇಲ್ಲವೆಂದು ಸಾರಿ ಸರ್ಕಾರದ ಮುಂದೆ ಇದೆ ಎನ್ನುವುದು ಹೇಗೆ ಎಂದು ಹಿರಿಯರು ಕೇಳುತ್ತಾರೆ. ಈ ವರ್ಷದ ಮನವಿ ಬರೆಯುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಏನು ಬರೆಯಲಿ? ಮಗಳು ಸಿಇಟಿ ಅರ್ಜಿಯಲ್ಲಿ ಜಾತಿ ಏನೆಂದು ತುಂಬಬೇಕು?
(ಹೆಸರು ಹಾಕಬೇಡಿ ಎಂದು ಕೋರಿದ್ದಾರೆ.)

ಸಂಪಾದಕರ ಉತ್ತರ

ಸಹೋದರರೇ,

ನಿಮ್ಮ ಹಿರಿಯರು ಕೇಳಿದ್ದನ್ನೇ ಕೇಂದ್ರ ಸರ್ಕಾರವೂ ಕೇಳುತ್ತಿದೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಕೇಂದ್ರದ ಮುಖ್ಯ ವಾದ ಇದೇ: ಅಸ್ಪೃಶ್ಯತೆ ಕ್ರೈಸ್ತ, ಇಸ್ಲಾಮಿಕ ಸಮಾಜಗಳಲ್ಲಿ ಇರಲಿಲ್ಲ, ಹಾಗಾಗಿ ಆ ಧರ್ಮಗಳಿಗೆ ಹೋದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟದ್ದು ಸರಿ. ವೇದಿಕೆಯ ಮೇಲೆ ನಿಂತು “ನಮ್ಮಲ್ಲಿ ಜಾತಿಯೇ ಇಲ್ಲ” ಎನ್ನುವ ಪ್ರತಿ ಪ್ರಸಂಗಿಯೂ, ತಿಳಿದೋ ತಿಳಿಯದೆಯೋ, ಆ ಪ್ರಮಾಣಪತ್ರಕ್ಕೆ ಸಾಕ್ಷಿ ಹಾಕುತ್ತಿದ್ದಾರೆ. ಮೂರು ತಲೆಮಾರಿನ ಸಹಿ ಫಲ ಕೊಡದಿರುವುದಕ್ಕೆ ದೆಹಲಿಯ ರಾಜಕೀಯ ದೊಡ್ಡ ಕಾರಣ. ಅದು ನಮ್ಮ ಕೈಯಲ್ಲಿಲ್ಲ. ಇನ್ನೊಂದು ಕಾರಣ ನಮ್ಮ ಸಭೆಗಳ ಮೌನ. ಅದು ನಮ್ಮ ಕೈಯಲ್ಲೇ ಇದೆ, ಆದ್ದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇವೆ.

ಮೊದಲು ಇತಿಹಾಸ, ಏಕೆಂದರೆ ಹೆಚ್ಚಿನ ಮನವಿಗಳು ಮೊದಲ ಪ್ಯಾರಾದಲ್ಲೇ ಎಡವುತ್ತವೆ. “1950ರವರೆಗೆ ಇದ್ದ ಹಕ್ಕನ್ನು ಕಿತ್ತುಕೊಳ್ಳಲಾಯಿತು” ಎಂದು ಬರೆಯುತ್ತಾರೆ. ಹಾಗೆ ಬರೆಯಬೇಡಿ. ಬ್ರಿಟಿಷರ 1936ರ ಪರಿಶಿಷ್ಟ ಜಾತಿಗಳ ಆದೇಶವೇ ಯಾವ ಭಾರತೀಯ ಕ್ರೈಸ್ತನನ್ನೂ ಪರಿಶಿಷ್ಟ ಜಾತಿಯವನೆಂದು ಪರಿಗಣಿಸತಕ್ಕದ್ದಲ್ಲ ಎಂದಿತ್ತು. ಆಗ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರವಿತ್ತು, ಅಂದರೆ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸುವ ವ್ಯವಸ್ಥೆ. ಸಂವಿಧಾನ ಸಭೆಯಲ್ಲಿ ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರಾಗಿದ್ದವರು ಬಂಗಾಳದ ಕ್ರೈಸ್ತ ಎಚ್.ಸಿ. ಮುಖರ್ಜಿ. ಮಂಗಳೂರಿನಲ್ಲಿ ಹುಟ್ಟಿದ ಜೆಸ್ವಿಟ್ ಪಾದ್ರಿ ಜೆರೋಮ್ ಡಿ’ಸೋಜಾ ಕೂಡ ಆ ಸಭೆಯ ಸದಸ್ಯರು. 1949ರ ಮೇ ತಿಂಗಳಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಟ್ಟಾಗ ಕ್ರೈಸ್ತ ನಾಯಕರು ಒಪ್ಪಿದರು. ಅದೊಂದು ದೊಡ್ಡತನವೆಂದು ಇಂದಿಗೂ ಹೊಗಳಿಕೊಳ್ಳುತ್ತೇವೆ. ಹೊಗಳಿಕೊಳ್ಳೋಣ, ಆದರೆ ಆ ಮಾತುಕತೆಯಲ್ಲಿ ಕೇರಿಯ ಕ್ರೈಸ್ತರ ದನಿಗೆ ಜಾಗವಿರಲಿಲ್ಲ ಎಂಬುದನ್ನೂ ಹೇಳಬೇಕು. ಮರುವರ್ಷ, 1950ರ ಆಗಸ್ಟ್ 10ರಂದು, ಪರಿಶಿಷ್ಟ ಜಾತಿಗಳನ್ನು ಪಟ್ಟಿ ಮಾಡಲು ಸಂವಿಧಾನದ 341ನೇ ವಿಧಿಯಡಿ ಹೊರಟ ರಾಷ್ಟ್ರಪತಿಗಳ ಆದೇಶದ 3ನೇ ಪ್ಯಾರಾ ಹಿಂದೂ ಅಲ್ಲದವರನ್ನು ಹೊರಗಿಟ್ಟಿತು. ಆಗಲೂ ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ವಿನಾಯಿತಿ ಇತ್ತು. 1956ರಲ್ಲಿ ಎಲ್ಲ ದಲಿತ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸಂಸತ್ತು ತಿದ್ದುಪಡಿ ಮಾಡಿ ಸೇರಿಸಿತು. ಪರಿಶಿಷ್ಟ ಪಂಗಡಗಳ ಪಟ್ಟಿಗಂತೂ ಇಂಥ ಧರ್ಮದ ಬೇಲಿಯೇ ಇಲ್ಲ.

ಈ ಎರಡು ತಿದ್ದುಪಡಿಗಳೇ ನಿಮ್ಮ ಮನವಿಯ ಬೆನ್ನೆಲುಬು. ಸಿದ್ಧಾಂತದಲ್ಲಿ ಜಾತಿಯನ್ನು ಒಪ್ಪದ ಎರಡು ಧರ್ಮಗಳಿಗೆ, ಸಿದ್ಧಾಂತ ಏನೇ ಇರಲಿ ಬದುಕು ಹಾಗಿಲ್ಲ ಎಂದು ಸಂಸತ್ತೇ ಎರಡು ಬಾರಿ ಒಪ್ಪಿಕೊಂಡಿತು. ನಿಮ್ಮ ಹಿರಿಯರಿಗೆ ಕೊಡಬೇಕಾದ ಉತ್ತರವೂ ಇದೇ. “ಕ್ರಿಸ್ತನಲ್ಲಿ ಜಾತಿ ಇಲ್ಲ” ಎಂಬುದು ನಾವು ನಂಬುವ ಸತ್ಯ. “ಊರಿನಲ್ಲಿ, ಕೆಲವೊಮ್ಮೆ ಚರ್ಚಿನಲ್ಲಿ, ಜಾತಿ ಇದೆ” ಎಂಬುದು ನೋಡಿದ ಸತ್ಯ. ಫಿಲಿಪ್ಪಿ ಪಟ್ಟಣದಲ್ಲಿ ಅಪೊಸ್ತಲ ಪೌಲ ಏನು ಮಾಡಿದನೆಂದು ಅವರಿಗೆ ಬೈಬಲಿನಿಂದ ಓದಿ ಹೇಳಿ (ಅಪೊಸ್ತಲರ ಕೃತ್ಯಗಳು 16). ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಸದ್ದಿಲ್ಲದೆ ಹೊರಟುಹೋಗು ಎಂದಾಗ ಅವನು ಹೋಗಲಿಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ಬಿಡಿಸಲಿ ಎಂದ. ಆತ್ಮಗಳ ರಕ್ಷಣೆಯ ಸುವಾರ್ತೆ ಸಾರುತ್ತಿದ್ದವನೇ ಪೌರತ್ವದ ಹಕ್ಕನ್ನೂ ಹೆಸರು ಹೇಳಿ ಕೇಳಿದ.

ಈಗ ಪುರಾವೆಯ ಮಾತು. ಇಡೀ ವಿಷಯದ ಗಂಟು ಇರುವುದು 1985ರ ಸೂಸೈ ಪ್ರಕರಣದಲ್ಲಿ. ಮದ್ರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವವರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಆದಿದ್ರಾವಿಡ ಮೂಲದ ಕ್ರೈಸ್ತ ಸೂಸೈ ಕೂಡ ಅದೇ ಕೆಲಸ ಮಾಡುತ್ತಿದ್ದರು, ಆದರೆ ಧರ್ಮದ ಕಾರಣಕ್ಕೆ ಅವರಿಗೆ ಸಿಗಲಿಲ್ಲ. ಸುಪ್ರೀಂ ಕೋರ್ಟಿನಲ್ಲೂ ಸೋತರು. ಮತಾಂತರದ ನಂತರವೂ ಜಾತಿ ಉಳಿಯುತ್ತದೆ ಎಂದರೆ ಸಾಲದು, ಆ ಜಾತಿಯಿಂದ ಬಂದ ಅಡಚಣೆಗಳು ಹೊಸ ಧರ್ಮದ ಪರಿಸರದಲ್ಲೂ ಅದೇ ತೀವ್ರತೆಯಿಂದ ಮುಂದುವರಿದಿವೆ ಎಂದು ತೋರಿಸಬೇಕು, ಅದಕ್ಕೆ ಸಾಕಷ್ಟು ಆಧಾರ ಮುಂದಿಟ್ಟಿಲ್ಲ ಎಂದಿತು ನ್ಯಾಯಾಲಯ. ತೀರ್ಪು ಕಹಿ. ಆದರೆ ಯಾವ ಬಗೆಯ ಪುರಾವೆ ಬೇಕೆಂದು ಅದು ಬಿಡಿಸಿ ಹೇಳಿತು. ಕೇಂದ್ರವೇ ನೇಮಿಸಿದ್ದ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ 3ನೇ ಪ್ಯಾರಾವನ್ನೇ ತೆಗೆಯಬೇಕೆಂದು ಶಿಫಾರಸು ಮಾಡಿತು (ಆಯೋಗದ ಸದಸ್ಯ ಕಾರ್ಯದರ್ಶಿ ಭಿನ್ನಮತ ಬರೆದರು, ಇದನ್ನು ನಮ್ಮ ಭಾಷಣಕಾರರು ಹೇಳುವುದಿಲ್ಲ). ಕೇಂದ್ರ ಆ ವರದಿಯನ್ನು ಒಪ್ಪದೆ, 2022ರ ಅಕ್ಟೋಬರಿನಲ್ಲಿ ಇದೇ ಪ್ರಶ್ನೆ ಪರಿಶೀಲಿಸಲು ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ಎರಡು ವರ್ಷದ ಗಡುವಿನೊಂದಿಗೆ ನೇಮಿಸಿತು. ಗಡುವು ಮುಂದಕ್ಕೆ ಹೋಗುತ್ತಲೇ ಬಂತು.

ಸೂಸೈ ತೀರ್ಪು ಕೇಳಿದ ಪುರಾವೆ ಎಲ್ಲಿದೆ? ಬೇರೆ ಸ್ಮಶಾನದಲ್ಲಿ, ಬೇರೆ ಸಾಲಿನ ಬೆಂಚಿನಲ್ಲಿ, ಮದುವೆ ರಿಜಿಸ್ಟರಿನಲ್ಲಿ, ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಸದಸ್ಯರ ಪಟ್ಟಿಯಲ್ಲಿ. ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರಡಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಚರ್ಚಿನೊಳಗೆ ಈ ಪಾಪ ಇದೆಯೆಂದು ಒಪ್ಪಿಕೊಂಡಿತು. ಮೊದಲ ದಲಿತ ಕಾರ್ಡಿನಲ್ (ಪೋಪರ ನಂತರದ ಹಿರಿಯ ಪದವಿ) ಆಗಿ ಹೈದರಾಬಾದಿನ ಆಂಥೊನಿ ಪೂಲ ನೇಮಕವಾದದ್ದು 2022ರಲ್ಲಷ್ಟೇ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಎ.ಪಿ. ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತರ ಬದುಕಿನ ಕಣ್ಣಿನಿಂದ ಬೈಬಲ್ ಓದುವ ದಲಿತ ದೇವತಾಶಾಸ್ತ್ರ ಹೊರಟಿತೆಂದು ಹೆಮ್ಮೆಪಡುವ ನಾಡು ನಮ್ಮದು. ಹಳ್ಳಿಯ ಸಭೆಯ ಲೆಕ್ಕಕ್ಕೆ ಅದು ಇಳಿದದ್ದು ಕಡಿಮೆ.

ಆದ್ದರಿಂದ ಈ ವರ್ಷ ಸಹಿ ಸಂಗ್ರಹಕ್ಕೆ ಮೊದಲು ಒಂದು ಸಮೀಕ್ಷೆ ಮಾಡಿ. ಮನೆಗೊಂದು ಹಾಳೆ ಸಾಕು. ಮೂಲ ಜಾತಿ, ದೀಕ್ಷಾಸ್ನಾನವಾಗಿ ಎಷ್ಟು ತಲೆಮಾರು, ಸ್ವಂತ ಜಮೀನಿದೆಯೇ, ದುಡಿಮೆ ಏನು, ಪೌರಕಾರ್ಮಿಕ ಕೆಲಸದಲ್ಲಿ ಎಷ್ಟು ಮಂದಿ, ಮಕ್ಕಳು ಯಾವ ತರಗತಿಗೆ ಶಾಲೆ ಬಿಟ್ಟರು, ಮನೆ ಊರೊಳಗೋ ಕೇರಿಯಲ್ಲೋ, ಹೋಟೆಲು, ಕ್ಷೌರದಂಗಡಿ, ನೀರಿನ ಜಾಗದಲ್ಲಿ ತಡೆ ಉಂಟೇ. ಬೇರೆ ಹಾಳೆಯಲ್ಲಿ ಸಭೆಯ ಲೆಕ್ಕ: ಕಳೆದ 20 ವರ್ಷದ ಮದುವೆಗಳಲ್ಲಿ ಜಾತಿ ದಾಟಿದವು ಎಷ್ಟು, ಖಜಾಂಚಿ ಮತ್ತು ಕಾರ್ಯದರ್ಶಿ ಹುದ್ದೆ ಯಾರ ಮನೆಗಳಲ್ಲಿ ಸುತ್ತುತ್ತಿದೆ, ಸ್ಮಶಾನದಲ್ಲಿ ಗೋಡೆ ಇದೆಯೇ, ಸಭೆ ನಡೆಸುವ ಶಾಲೆಯಲ್ಲಿ ಶಿಕ್ಷಕರು ಯಾರು, ಕಸ ಗುಡಿಸುವವರು ಯಾರು. ಎರಡನೇ ಹಾಳೆ ತುಂಬುವಾಗ ಕಮಿಟಿಯಲ್ಲಿ ಜಗಳವಾಗುತ್ತದೆ. ಆಗಲಿ. ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಊಟದಲ್ಲಿ ಕೊರತೆ ಎಂದು ಗೊಣಗಾಟ ಎದ್ದಾಗ ಆದಿಸಭೆ ಅದನ್ನು ಮುಚ್ಚಿಡದೆ ಏಳು ಮಂದಿಯನ್ನು ನೇಮಿಸಿತು (ಕೃತ್ಯಗಳು 6). ಆ ಏಳರ ಹೆಸರುಗಳೆಲ್ಲ ಗ್ರೀಕ್ ಹೆಸರುಗಳೇ. ಕಮಿಟಿಗೆ ಇದನ್ನು ತೋರಿಸಿ.

ಒಂದು ಅಪಾಯ ಇದೆ, ಇದನ್ನು ಬೇರೆಲ್ಲದಕ್ಕಿಂತ ಗಟ್ಟಿಯಾಗಿ ಹೇಳುತ್ತೇವೆ. ಹಾಳೆಯಲ್ಲಿ ಹೆಸರು, ಮನೆ ಸಂಖ್ಯೆ, ಫೋನ್ ಬರೆಯಬೇಡಿ. ಸಭೆಗೆ ಬರುವ ಎಷ್ಟೋ ಕುಟುಂಬಗಳ ದಾಖಲೆಯಲ್ಲಿ ಹಿಂದೂ ಪರಿಶಿಷ್ಟ ಜಾತಿ ಎಂದೇ ಇದೆ. 2024ರ ನವೆಂಬರ್ 26ರಂದು ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೀಕ್ಷಾಸ್ನಾನದ ದಾಖಲೆ, ಚರ್ಚಿಗೆ ಹೋಗುವ ರೂಢಿ ಎರಡನ್ನೂ ನೋಡಿ ಪುದುಚೇರಿಯ ಮಹಿಳೆಗೆ ಪರಿಶಿಷ್ಟ ಜಾತಿ ಪ್ರಮಾಣಪತ್ರ ನಿರಾಕರಿಸಿದ್ದನ್ನು ಎತ್ತಿಹಿಡಿಯಿತು. ಮೀಸಲಾತಿಗಾಗಿ ಮಾತ್ರ ಧರ್ಮ ಹೇಳಿಕೊಳ್ಳುವುದು ಸಂವಿಧಾನಕ್ಕೆ ಎಸಗುವ ವಂಚನೆ ಎಂದಿತು. ನಿಮ್ಮ ರಿಜಿಸ್ಟರಿನ ಜೆರಾಕ್ಸ್ ಒಬ್ಬರ ನೌಕರಿ ತಿನ್ನಬಹುದು. ಒಟ್ಟು ಸಂಖ್ಯೆಗಳನ್ನಷ್ಟೇ ಮನವಿಗೆ ಸೇರಿಸಿ, ಮೂಲ ಹಾಳೆಗಳು ಬೀಗದಲ್ಲಿರಲಿ. ಐದಕ್ಕಿಂತ ಕಡಿಮೆ ಮನೆಗಳಿರುವ ಜಾತಿಯನ್ನು ಬೇರೆಯಾಗಿ ತೋರಿಸಬೇಡಿ, ಊರವರಿಗೆ ಯಾರೆಂದು ಗೊತ್ತಾಗಿಬಿಡುತ್ತದೆ.

ಮನವಿ ಯಾರಿಗೆ? ಹೆಚ್ಚಿನವು ಮುಖ್ಯಮಂತ್ರಿಗೆ ಹೋಗುತ್ತವೆ, ಅಲ್ಲೇ ಸಾಯುತ್ತವೆ. 341(2)ರ ಪ್ರಕಾರ ಪಟ್ಟಿ ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ರಾಜ್ಯ ಮಾಡಬಹುದಾದ್ದು ವಿಧಾನಸಭೆಯ ನಿರ್ಣಯ. ಆಂಧ್ರಪ್ರದೇಶ 2023ರ ಮಾರ್ಚಿನಲ್ಲೂ ತಮಿಳುನಾಡು ಏಪ್ರಿಲಿನಲ್ಲೂ ಅದನ್ನು ಮಾಡಿವೆ. ಹೀಗಾಗಿ ಒಂದು ಪ್ರತಿ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ, ಒಂದು ನಿಮ್ಮ ಸಂಸದರಿಗೆ, ಒಂದು ಶಾಸಕರಿಗೆ ಸಾಕು. ಎರಡು ಪುಟ ಮೀರಬಾರದು. ಶಾಸಕರನ್ನು ನಿರ್ಣಯ ಮಂಡಿಸಲು ಕೇಳಿ, ಸಂಸದರನ್ನು ಪ್ರಶ್ನೆ ಕೇಳಲು ಕೇಳಿ. ಒಬ್ಬೊಬ್ಬರಿಗೆ ಒಂದೇ ಬೇಡಿಕೆ ಇರಲಿ. ಚರ್ಚಿನ ಮೇಲಿನ ದಾಳಿ, ಸಮುದಾಯ ಭವನದ ಅನುದಾನ, ಅಲ್ಪಸಂಖ್ಯಾತರ ಸಾಲ ಎಲ್ಲವನ್ನೂ ಇದರಲ್ಲೇ ತುರುಕಿದರೆ ಅಧಿಕಾರಿ ಸುಲಭವಾದದ್ದಕ್ಕೆ ಉತ್ತರ ಬರೆದು ಕಡತ ಮುಚ್ಚುತ್ತಾರೆ. “ಕ್ರೈಸ್ತರಿಗೆ ಮೀಸಲಾತಿ” ಎಂಬ ಪದವಂತೂ ಬೇಡ, ಅದು ಬೇಡಿಕೆಯೂ ಅಲ್ಲ. ಬೇಡಿಕೆ 3ನೇ ಪ್ಯಾರಾದ ಕುರಿತದ್ದು. ಅದನ್ನು ಪೂರ್ತಿ ತೆಗೆಯುವಂತೆ ಕೇಳಿದರೆ ದಲಿತ ಮುಸ್ಲಿಮರೂ ಒಳಬರುತ್ತಾರೆ, “ಕ್ರೈಸ್ತ” ಪದ ಸೇರಿಸುವಂತೆ ಕೇಳಿದರೆ ನಾವು ಮಾತ್ರ. ಮೊದಲನೆಯದೇ ನ್ಯಾಯ ಎಂಬುದು ನಮ್ಮ ಅಭಿಪ್ರಾಯ. ಸಭೆಯಲ್ಲಿ ಚರ್ಚಿಸಿ ತೀರ್ಮಾನಿಸಿ.

ದಲಿತ ಸಂಘಟನೆಗಳು ಒಂದು ಪ್ರಶ್ನೆ ಕೇಳುತ್ತವೆ, ಅದಕ್ಕೆ ಉತ್ತರವಿಲ್ಲದೆ ಹೋಗಬೇಡಿ: ಪಾಲು ಎಲ್ಲಿಂದ? ಕರ್ನಾಟಕದಲ್ಲಿ ಒಳಮೀಸಲಾತಿಗಾಗಿ ದಶಕಗಳು ಹೋರಾಡಿದವರಿಗೆ ಹೊಸಬರು ತಟ್ಟೆಗೆ ಕೈಹಾಕುತ್ತಾರೆಂಬ ಅಂಜಿಕೆ ಸಹಜ. ನಮ್ಮವರು ಈಗಾಗಲೇ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿದ್ದಾರೆ. ಅಲ್ಲಿಂದ ಬರುವಾಗ ಜನಸಂಖ್ಯೆಗೆ ತಕ್ಕ ಪಾಲೂ ಜೊತೆಗೆ ಬರಲಿ ಎಂದು ಮನವಿಯಲ್ಲೇ ಬರೆಯಿರಿ. ತಾಲ್ಲೂಕಿನ ದಲಿತ ಮುಖಂಡರಿಗೆ ಕರಡನ್ನು ಮೊದಲೇ ತೋರಿಸಿ.

ಸಹಿ ಎಲ್ಲಿ ಹಾಕಿಸಬೇಕು ಎಂಬುದೂ ಮುಖ್ಯ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ಧಾರ್ಮಿಕ ಆವರಣದಲ್ಲಿ ರಾಜಕೀಯ ಚಟುವಟಿಕೆಯನ್ನು ನಿಷೇಧಿಸುತ್ತದೆ. ಪಕ್ಷದ ಕೆಲಸ ಮಾತ್ರವಲ್ಲದೆ, ರಾಜಕೀಯ ಸ್ವರೂಪದ ವಿಷಯಕ್ಕಾಗಿ ಸಭೆ, ಮೆರವಣಿಗೆ, ಹಣ ಸಂಗ್ರಹ ನಡೆಸುವುದೂ ಅದರ ವ್ಯಾಖ್ಯೆಗೆ ಬರುತ್ತದೆ. ಪ್ರಾರ್ಥನೆ, ಪ್ರಸಂಗ ಚರ್ಚಿನಲ್ಲಿ ನಡೆಯಲಿ. ಕಪ್ಪು ಪಟ್ಟಿಯ ಪ್ರತಿಭಟನೆ ಮತ್ತು ಸಹಿ ಬಾಡಿಗೆ ಭವನದಲ್ಲೋ ಯಾರದಾದರೂ ಮನೆಯಲ್ಲೋ ಆಗಲಿ. ವಿದೇಶಿ ದೇಣಿಗೆಯ ಒಂದು ರೂಪಾಯಿಯನ್ನೂ ಇದಕ್ಕೆ ಮುಟ್ಟಬೇಡಿ. ಚುನಾವಣೆ ಹತ್ತಿರ ಬಂದಾಗ ಅಭ್ಯರ್ಥಿಯನ್ನು ವೇದಿಕೆಗೆ ಕರೆದು “ನಮ್ಮವರಿಗೇ ಮತ” ಎಂದರೆ ಪ್ರಜಾಪ್ರತಿನಿಧಿ ಕಾಯ್ದೆಯ 123(3)ರಡಿ ಅದು ಭ್ರಷ್ಟ ಆಚರಣೆ, ಗೆದ್ದವರ ಸ್ಥಾನವೇ ಹೋಗಬಹುದು. ಈ ಜಾತಿ-ಧರ್ಮದ ಕಗ್ಗಂಟು ನ್ಯಾಯಾಲಯಕ್ಕೆ ಹೋದದ್ದು ನಿಮ್ಮ ಜಿಲ್ಲೆಯಿಂದಲೂ ಹೌದು. ಕೆಜಿಎಫ್ ಮೀಸಲು ಕ್ಷೇತ್ರದ 1967 ಮತ್ತು 1972ರ ಚುನಾವಣೆಗಳಲ್ಲಿ, ಒಮ್ಮೆ ಕ್ರೈಸ್ತರಾಗಿದ್ದ ಎಸ್. ರಾಜಗೋಪಾಲ್ ಮತ್ತೆ ಆದಿದ್ರಾವಿಡರಾದರೇ ಎಂಬ ವ್ಯಾಜ್ಯ ಎರಡು ಸಲ ಸುಪ್ರೀಂ ಕೋರ್ಟಿಗೆ ಹೋಯಿತು. ಮೊದಲ ಸಲ ಇಲ್ಲ ಎಂದಿತು, ಎರಡನೇ ಸಲ ಹೌದು ಎಂದಿತು. ನಡುವೆ ಬದಲಾದದ್ದು ಪುರಾವೆ: ಜಾತಿಯವರು ಅವರನ್ನು ಮರಳಿ ಒಪ್ಪಿಕೊಂಡದ್ದಕ್ಕೆ ಎರಡನೇ ಸಲ ಆಧಾರವಿತ್ತು.

ಕೊನೆಗೆ ಮಗಳ ಅರ್ಜಿ. ದೀಕ್ಷಾಸ್ನಾನ ಪಡೆದು ಸಭೆಯಲ್ಲಿರುವವಳು ಪರಿಶಿಷ್ಟ ಜಾತಿ ಎಂದು ತುಂಬಬಾರದು. ಪ್ರವೇಶವಾದ ಮೇಲೆ ಪರಿಶೀಲನೆಯಲ್ಲಿ ಬಿದ್ದರೆ ಸೀಟೂ ಹೋಗುತ್ತದೆ, ಮೊಕದ್ದಮೆಯೂ ಬರುತ್ತದೆ. ಬರಿಯ “ಕ್ರೈಸ್ತ” ಎಂದು ಬರೆಯುವುದೂ ನಷ್ಟ, ಅದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 3ಬಿಗೆ ಹೋಗುತ್ತದೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತ ಧರ್ಮಕ್ಕೆ ಬಂದವರು ಕರ್ನಾಟಕದಲ್ಲಿ ಪ್ರವರ್ಗ 1ರಲ್ಲಿದ್ದಾರೆ. ಆ ಪ್ರವರ್ಗಕ್ಕೆ ಆದಾಯ ಮಿತಿ ಇಲ್ಲ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ಅಜ್ಜನ ಅಥವಾ ತಂದೆಯ ಶಾಲಾ ದಾಖಲೆಯಲ್ಲಿ ಮೂಲ ಜಾತಿ ಇರುವ ಪ್ರತಿ, ದೀಕ್ಷಾಸ್ನಾನದ ಪತ್ರ ಎರಡನ್ನೂ ಇಡಿ. ಶಾಲೆಯಲ್ಲಿ “ಕ್ರೈಸ್ತ” ಎಂದಷ್ಟೇ ಬರೆಸಿದ ಮನೆಗಳಿಗೆ ತೊಡಕಾಗುವುದು ಇಲ್ಲೇ. ಆಗ ತಂದೆಯ ಕಡೆಯ ರಕ್ತಸಂಬಂಧಿಗಳ ಹಳೆಯ ದಾಖಲೆ ಹುಡುಕಿ, ಸ್ಥಳ ಪರಿಶೀಲನೆಗೆ ಬರುವ ಗ್ರಾಮ ಆಡಳಿತ ಅಧಿಕಾರಿಗೆ ತೋರಿಸಿ. ತಹಶೀಲ್ದಾರರು ನಿರಾಕರಿಸಿದರೆ 30 ದಿನದೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಕೇಂದ್ರದ ಸಂಸ್ಥೆಗಳಿಗೆ ಒಬಿಸಿ ಪ್ರಮಾಣಪತ್ರ ಬೇರೆ ನಮೂನೆಯಲ್ಲಿ ಬೇಕು, ಅಲ್ಲಿ ಕೆನೆಪದರದ ಮಿತಿ ಅನ್ವಯಿಸುತ್ತದೆ. ಎರಡಕ್ಕೂ ಒಟ್ಟಿಗೇ ಅರ್ಜಿ ಹಾಕಿ. ಸಿಇಟಿ ಅರ್ಜಿ ತೆರೆದ ಮೇಲೆ ಓಡಾಡಿದರೆ ಆಗುವುದಿಲ್ಲ, ಈ ತಿಂಗಳೇ ಹೋಗಿ.

— ಸಂ.