ಮೇಲ್ ಪೆಟ್ಟಿಗೆ ತುಂಬಿದೆ, ಯಾವುದನ್ನು ಬಿಸಾಡುವುದು?

ಪ್ರಶ್ನೆ: ಜಿಮೇಲ್ ತೆರೆದರೆ ಸಾಕು, ಸ್ಟೋರೇಜ್ ಭರ್ತಿ ಎಂಬ ಎಚ್ಚರಿಕೆ. ದುಬೈಯಲ್ಲಿರುವ ಮಗ ಕಳಿಸಿದ ಮೇಲ್ ಅವನಿಗೇ ವಾಪಸ್ ಹೋಗಿದೆ. ಓದದ ಮೇಲ್‌ಗಳೇ 23,000 ಇವೆ. ವಾರವಿಡೀ ಕೂತು ಎರಡು ಸಾವಿರ ಅಳಿಸಿದರೂ ಜಾಗ ಆಗಲಿಲ್ಲ. ಎಂತ ಮಾಡುವುದು?
– ನಿವೃತ್ತ ಶಿಕ್ಷಕಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಮೊದಲು ಅಳಿಸುವುದನ್ನು ನಿಲ್ಲಿಸಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಬರೀ ಮೇಲ್‌ಗೆ ಮಾತ್ರ ಅಲ್ಲ. ಡ್ರೈವ್ ಮತ್ತು ಫೋಟೋಸ್ ಕೂಡ ಅದರಲ್ಲೇ ಪಾಲುದಾರರು. 2021ರ ಜೂನ್ 1ರ ನಂತರ ಬ್ಯಾಕಪ್ ಆದ ಸಾಧಾರಣ ಗುಣಮಟ್ಟದ ಫೋಟೊಗಳೂ ಲೆಕ್ಕಕ್ಕೆ ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಈಗ ಅದೇ ಜಾಗ ತಿನ್ನುತ್ತದೆ. ಗೂಗಲ್ ಒನ್‌ನ ಸ್ಟೋರೇಜ್ ಪುಟದಲ್ಲಿ ಯಾವುದು ಎಷ್ಟು ಹಿಡಿದಿದೆ ಎಂಬ ಲೆಕ್ಕ ಸಿಗುತ್ತದೆ. ಮೇಲ್ 2 ಜಿಬಿ, ಉಳಿದದ್ದೆಲ್ಲ ಫೋಟೊ ಮತ್ತು ವಾಟ್ಸಾಪ್ ಎಂದಿದ್ದರೆ ಇನ್‌ಬಾಕ್ಸ್ ಗುಡಿಸಿ ಪ್ರಯೋಜನವಿಲ್ಲ. ಕುಟುಂಬದ ಗ್ರೂಪಿಗೆ ಬರುವ ಯಕ್ಷಗಾನ, ಕೋಲದ ವಿಡಿಯೊಗಳು ಬ್ಯಾಕಪ್ಪಿಗೆ ಸೇರದಂತೆ ವಾಟ್ಸಾಪ್‌ನ ಚಾಟ್ ಬ್ಯಾಕಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ಸೇರಿಸುವ ಆಯ್ಕೆ ತೆಗೆದುಬಿಡಿ. ಮುಂದಿನ ಬ್ಯಾಕಪ್ ಆದ ಮೇಲಷ್ಟೇ ಗಾತ್ರ ಇಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಮಾತ್ರ ಅವಸರ ಬೇಡ: ಅಲ್ಲಿ ಅಳಿಸಿದ ಚಿತ್ರ ಫೋನಿನಿಂದಲೂ ಹೋಗುತ್ತದೆ. ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು, ತೆರೆದು ನೋಡಿ, ಆಮೇಲೆ ಅಳಿಸಿ.

ಮೇಲ್‌ನದೇ ಭಾರ ಹೆಚ್ಚೆಂದಾದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಕೆಲಸ ಮಾಡಿ, ಫೋನಿನಲ್ಲಿ ಬೇಡ. ಹುಡುಕುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಲಾರ್ಜರ್ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ 10 ಮತ್ತು ಎಮ್ ಅಕ್ಷರ ಸೇರಿಸಿ. 10 ಎಂಬಿಗಿಂತ ದೊಡ್ಡ ಮೇಲ್‌ಗಳೆಲ್ಲ ಬರುತ್ತವೆ, ನೀವು ಕಳಿಸಿದವೂ ಸೇರಿ. ಇಂಗ್ಲಿಷ್ ಬೇಡವೆಂದರೆ ಪೆಟ್ಟಿಗೆಯ ಬಲತುದಿಯ ಗುರುತು ಒತ್ತಿದರೆ ಗಾತ್ರ, ಕಳಿಸಿದವರು, ದಿನಾಂಕ ತುಂಬುವ ಫಾರ್ಮ್ ತೆರೆಯುತ್ತದೆ. ಮೇಲ್‌ನಲ್ಲಿ ಹೋಗುವ ಅಟ್ಯಾಚ್‌ಮೆಂಟ್ ಅಕ್ಷರರೂಪಕ್ಕೆ ಬದಲಾಗುವುದರಿಂದ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. 9 ಎಂಬಿ ಫೈಲ್ ಸುಮಾರು 12 ಎಂಬಿ ಆಗುತ್ತದೆ. ಅದನ್ನೇ ಮೂವರಿಗೆ ಬೇರೆ ಬೇರೆಯಾಗಿ ಫಾರ್ವರ್ಡ್ ಮಾಡಿದ್ದರೆ ನಿಮ್ಮ ಸೆಂಟ್ ಪೆಟ್ಟಿಗೆಯಲ್ಲಿ ಅದರ ಮೂರು ಪ್ರತಿ ಕೂತಿರುತ್ತವೆ. ಹತ್ತು ಎಂಬಿಯವು ಮುಗಿದ ಮೇಲೆ ಐದಕ್ಕೆ ಇಳಿಯಿರಿ. ಅಲ್ಲಿಗೆ ಸಾಮಾನ್ಯವಾಗಿ ಸಾಕು. ಸಣ್ಣ ಮೇಲ್‌ಗಳ ಬೆನ್ನು ಹತ್ತುವುದು ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಮಾಡಿದಷ್ಟೂ ಮುಗಿಯದು.

ಕೊನೆಗೆ ಟ್ರ್ಯಾಶ್ ಮತ್ತು ಸ್ಪ್ಯಾಮ್ ಎರಡನ್ನೂ ಖಾಲಿ ಮಾಡಿ. ನಿಮ್ಮ ವಾರದ ಶ್ರಮ ವ್ಯರ್ಥವಾದಂತೆ ಕಂಡದ್ದು ಬಹುಶಃ ಇಲ್ಲಿಯೇ: ಅಳಿಸಿದ ಮೇಲ್ 30 ದಿನ ಟ್ರ್ಯಾಶ್‌ನಲ್ಲಿ ಉಳಿದು ಅಷ್ಟೂ ದಿನ ಜಾಗ ಹಿಡಿದಿರುತ್ತದೆ. ಆರ್ಕೈವ್ ಮಾಡಿದರಂತೂ ಒಂದು ಎಂಬಿಯೂ ಉಳಿಯುವುದಿಲ್ಲ, ಅದು ಕಣ್ಣೆದುರಿನಿಂದ ಸರಿಸುವುದಷ್ಟೆ. ಜಾಗ ಮೀರಿದ ಸ್ಥಿತಿಯಲ್ಲೇ 2 ವರ್ಷ ಬಿಟ್ಟರೆ ಗೂಗಲ್ ಎಲ್ಲವನ್ನೂ ಅಳಿಸಿಬಿಡಬಹುದು, ಹಾಗಾಗಿ ನಾಳೆ ನೋಡೋಣ ಎನ್ನುತ್ತಾ ಕೂರಬೇಡಿ.

ಪ್ರಶ್ನೆ: ಬಂದರಿನಲ್ಲಿ ನಮ್ಮದು ಸಗಟು ವ್ಯಾಪಾರ. ಆರ್ಡರ್, ಬಿಲ್, ರೇಟಿನ ಮಾತುಕತೆ ಎಲ್ಲ ಮೇಲ್‌ನಲ್ಲೇ. ಯಾವುದನ್ನು ಎಷ್ಟು ವರ್ಷ ಇಡಬೇಕು? ಒಮ್ಮೆಗೇ ಅಳಿಸಲು ಹೋಗಿ ಬೇಕಾದದ್ದೂ ಹೋಯಿತು.
– ವ್ಯಾಪಾರಿ, ಮಂಗಳೂರು

ಉತ್ತರ: ಹೋದದ್ದು ಏಕೆ ಎಂದು ಮೊದಲು ತಿಳಿಯಿರಿ. ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನು ಸರಪಳಿಯಾಗಿ ಪೋಣಿಸಿ ತೋರಿಸುತ್ತದೆ. ಹುಡುಕಾಟಕ್ಕೆ ಸಿಕ್ಕಿದ್ದು ಅದರಲ್ಲಿ ಒಂದೇ ಆಗಿದ್ದರೂ ಅಳಿಸಿದಾಗ ಇಡೀ ಸರಪಳಿ ಹೋಗುತ್ತದೆ. ಸೆಟ್ಟಿಂಗ್ಸ್‌ನ ಜನರಲ್ ಪುಟದಲ್ಲಿ ಕಾನ್ವರ್ಸೇಷನ್ ವ್ಯೂ ಆಫ್ ಮಾಡಿ, ಆಮೇಲೆ ಗುಡಿಸಿ. ಪುಟದ ಮೇಲಿನ ಚೌಕ ಒತ್ತಿದರೆ ಆ ಪುಟದವು ಮಾತ್ರ ಆಯ್ಕೆಯಾಗುತ್ತವೆ. ಕೆಳಗೆ ಬರುವ, ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆಯ್ದುಕೊಳ್ಳುವ ಸಾಲನ್ನು ಒತ್ತುವ ಮುನ್ನ ಮೂರ್ನಾಲ್ಕು ಪುಟ ತಿರುವಿ ನೋಡಿ. 30 ದಿನ ಆಗಿಲ್ಲದಿದ್ದರೆ, ಟ್ರ್ಯಾಶ್ ಖಾಲಿ ಮಾಡಿಲ್ಲದಿದ್ದರೆ, ಕಳೆದುಹೋದದ್ದು ಅಲ್ಲೇ ಇರುತ್ತದೆ.

ಯಾವುದನ್ನು ಇಡಬೇಕೆಂಬುದಕ್ಕೆ ನಮ್ಮ ಅಳತೆಗೋಲು ಒಂದೇ: ಈ ಕಾಗದ ಕಳೆದರೆ ಬೇರೆ ಕಡೆ ಮತ್ತೆ ಸಿಗುತ್ತದೆಯೆ? ಮೆಸ್ಕಾಂ ಬಿಲ್ಲು ಕಟ್ಟಿ, ಮುಂದಿನ ಬಿಲ್ಲಿನಲ್ಲಿ ಬಾಕಿ ಇಲ್ಲವೆಂದು ಕಂಡ ಮೇಲೆ ಹಳೆಯದರಿಂದ ಮನೆಗೆ ಏನೂ ಆಗಬೇಕಿಲ್ಲ (ಅಂಗಡಿ ಹೆಸರಿನದಾದರೆ ಖರ್ಚಿನ ಲೆಕ್ಕದ ಜೊತೆ ಇಡಿ). ಕೊರಿಯರ್ ಸೂಚನೆ, ಒಟಿಪಿ, ಟಿಕೆಟ್ ದೃಢೀಕರಣ ಕೆಲಸ ಮುಗಿದ ದಿನವೇ ಕಸ. ಆದರೆ ಕಿಲೋಗೆ ಇಷ್ಟು ಎಂದು ಒಪ್ಪಿ ಬರೆದ ಎರಡು ಸಾಲಿನ ಮೇಲ್, ಮಾಲು ಕೆಟ್ಟಿದೆ ಎಂದು ಹೇಳಿದ ಪತ್ರ, ಹಣ ತಲುಪಿತು ಎಂಬ ಉತ್ತರ, ಇವು ನಿಮ್ಮಲ್ಲಿ ಇಲ್ಲದಿದ್ದರೆ ಎದುರು ಪಕ್ಷದವರ ಕೃಪೆಯೇ ಗತಿ. ಗಾತ್ರದಲ್ಲಿ ಇವು ಏನೂ ಅಲ್ಲ, ಅಳಿಸುವ ಕಾರಣವೇ ಇಲ್ಲ.

ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೆಯ ದಿನದಿಂದ 72 ತಿಂಗಳು ಇಡಬೇಕು. 2023–24ರ ಸಾಲಿಗೆ ಆ ದಿನ 2024ರ ಡಿಸೆಂಬರ್ 31, ಅಂದರೆ ಆ ವರ್ಷದ ಬಿಲ್ಲುಗಳು 2030ರ ಡಿಸೆಂಬರ್ ಮುಗಿಯುವವರೆಗೆ ಬೇಕು. ಅಪೀಲು ನಡೆಯುತ್ತಿದ್ದರೆ ಇನ್ನೂ ಮುಂದಕ್ಕೆ ಹೋಗಬಹುದು. ಬಿಲ್ಲುಗಳನ್ನು ಇನ್‌ಬಾಕ್ಸಿನಲ್ಲೇ ಬಿಡದೆ ವರ್ಷವಾರು ಫೋಲ್ಡರ್ ಮಾಡಿ ಹಾರ್ಡ್ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಮಳೆಗಾಲದ ತೇವಕ್ಕೆ ಪೆನ್ ಡ್ರೈವ್ ಒಂದನ್ನೇ ನಂಬಿ ಕೂರಬಾರದು ಮಾರಾಯ್ರೆ.

ಇಳಿಸುವಾಗ ಒಂದು ಎಡವಟ್ಟು ಆಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟಿನ ಪಿಡಿಎಫ್‌ಗೆ ಬೀಗ ಇರುತ್ತದೆ. ಪಾಸ್‌ವರ್ಡ್ ಹೇಗೆ ಹಾಕಬೇಕೆಂಬ ವಿವರ ಇರುವುದು ಮೇಲ್‌ನ ಒಳಗೆ. ಮೇಲ್ ಅಳಿಸಿದರೆ ಮೂರು ವರ್ಷದ ನಂತರ ಫೈಲ್ ಇದ್ದೂ ತೆರೆಯಲಾಗುವುದಿಲ್ಲ. ಆ ನಿಯಮವನ್ನು ಒಂದು ಚೀಟಿಯಲ್ಲಿ ಬರೆದಿಡಿ.

ವ್ಯಾಜ್ಯದ ಸಾಧ್ಯತೆ ಇರುವ ಮೇಲ್‌ನ ಪ್ರಿಂಟ್ ತೆಗೆದು ಮೂಲ ಅಳಿಸಬೇಡಿ. ಯಾವ ಸರ್ವರಿನಿಂದ ಯಾವಾಗ ಹೊರಟಿತೆಂಬ ಹೆಡರ್ ಪ್ರಿಂಟಿನಲ್ಲಿ ಬರುವುದಿಲ್ಲ. ಮೇಲ್‌ನ ಮೂರು ಚುಕ್ಕಿಯ ಮೆನುವಿನಲ್ಲಿ ಡೌನ್‌ಲೋಡ್ ಮೆಸೇಜ್ ಒತ್ತಿದರೆ ಹೆಡರ್ ಸಮೇತ ಇಎಂಎಲ್ ಫೈಲ್ ಸಿಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರವೂ ಬೇಕು. ಅದನ್ನು ವಕೀಲರು ನೋಡಿಕೊಳ್ಳುತ್ತಾರೆ. ಮೂಲ ಉಳಿಸುವ ಕೆಲಸ ಮಾತ್ರ ನಿಮ್ಮದು.

ಪ್ರಶ್ನೆ: ಜಾಹೀರಾತು ಮೇಲ್‌ಗಳಲ್ಲಿ ಅನ್‌ಸಬ್‌ಸ್ಕ್ರೈಬ್ ಒತ್ತಿದರೆ ಇನ್ನೂ ಜಾಸ್ತಿ ಬರುತ್ತದೆ ಎನ್ನುತ್ತಾರೆ. ನಿಜವೆ?
– ವಿದ್ಯಾರ್ಥಿ, ಸುರತ್ಕಲ್

ಉತ್ತರ: ನೀವೇ ಖಾತೆ ತೆರೆದ ಅಂಗಡಿ, ಆ್ಯಪ್‌ಗಳದಾದರೆ ಧೈರ್ಯವಾಗಿ ಒತ್ತಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಜಾಹೀರಾತು ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿಗೆ ಹೊರಹೋಗುವ ದಾರಿ ಕೊಡಬೇಕೆಂದು ಗೂಗಲ್ 2024ರಲ್ಲಿ ನಿಯಮ ತಂದಿದೆ. ಮೇಲ್‌ನ ಬುಡದ ಲಿಂಕಿಗಿಂತ, ಕಳಿಸಿದವರ ಹೆಸರಿನ ಪಕ್ಕ ಜಿಮೇಲೇ ತೋರಿಸುವ ಗುಂಡಿ ಒಳ್ಳೆಯದು. ಯಾರದೆಂದೇ ಗೊತ್ತಿಲ್ಲದ ಮೇಲ್‌ನ ಯಾವ ಲಿಂಕನ್ನೂ ಮುಟ್ಟಬೇಡಿ; ಒತ್ತಿದರೆ ನಿಮ್ಮ ವಿಳಾಸ ಜೀವಂತ ಎಂದು ಅವರಿಗೆ ತಿಳಿಯುತ್ತದೆ. ಅಂಥದ್ದಕ್ಕೆ ಸ್ಪ್ಯಾಮ್ ಗುರುತು ಹಾಕಿ. ರಿಯಾಯಿತಿ ಮೇಲ್ ಬೇಕು, ಆದರೆ ಕಣ್ಣೆದುರು ಬೇಡ ಎಂದಾದರೆ ಆ ವಿಳಾಸಕ್ಕೆ ಫಿಲ್ಟರ್ ಮಾಡಿ, ಇನ್‌ಬಾಕ್ಸಿಗೆ ಬಾರದೆ ನೇರ ಲೇಬಲ್ಲಿಗೆ (ಮೇಲ್‌ಗಳನ್ನು ಗುಂಪು ಮಾಡಲು ಅಂಟಿಸುವ ಹೆಸರುಚೀಟಿ) ಹೋಗುವಂತೆ ಹೊಂದಿಸಿ. ಲೇಬಲ್ ತೆಗೆದರೆ ಮೇಲ್ ಹೋಗುವುದಿಲ್ಲ. ಹೋಗಬೇಕೆಂದರೆ ಅದರೊಳಗಿನ ಮೇಲ್‌ಗಳನ್ನೇ ಅಳಿಸಬೇಕು.