ತೇಲುವ ಪೆನ್ನಿನಿಂದ ಏನಾದೀತು?

ಪ್ರಶ್ನೆ: ವಿಮಾನದಲ್ಲಿ ತೂಕವಿಲ್ಲದ ಸ್ಥಿತಿ ಉಂಟುಮಾಡುವ ಮುನ್ನ ಜೇಬಿನ ಪೆನ್ನನ್ನೂ ತೆಗೆಸುತ್ತಾರಂತೆ. ಅಷ್ಟು ಹಗುರ ವಸ್ತುವಿಗೆ ಯಾಕಿಷ್ಟು ಹೆದರಿಕೆ?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ತೇಲುವುದು ದೊಡ್ಡ ಸಮಸ್ಯೆಯಲ್ಲ, ಇಳಿಯುವ ಜಾಗ ಸಮಸ್ಯೆ. ದಾವಣಗೆರೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತು: ಹಂಪ್ ಹಾರಿದಾಗ ಮಡಿಲಲ್ಲಿದ್ದ ಮಂಡಕ್ಕಿ ಪೊಟ್ಟಣ ಮತ್ತೆ ಮಡಿಲಿಗೇ ಬೀಳುವುದಿಲ್ಲ.

ದೊಡ್ಡ ವಿಮಾನ ಮೂಗನ್ನು ಸುಮಾರು 45 ಡಿಗ್ರಿ ಎತ್ತಿ ಕಮಾನಿನಂತೆ ಸಾಗಿದರೆ 20–22 ಸೆಕೆಂಡು ತೂಕ ಮಾಯ. ಮತ್ತೆ ಮೇಲೆಳೆದಾಗ ಎಲ್ಲದರ ತೂಕ 1.8 ಪಟ್ಟು. ಆಗ ಒಂದು ಮೀಟರ್ ಎತ್ತರದಿಂದ ಬೀಳುವ ಸ್ಪ್ಯಾನರ್ ಗಂಟೆಗೆ ಸುಮಾರು 21 ಕಿ.ಮೀ. ವೇಗದಲ್ಲಿ ತಲೆಗೆ ಬಡಿಯುತ್ತದೆ.

ಪೆನ್ನಿನ ಕಥೆ ಬೇರೆ. ಪುಟ್ಟ ವಿಮಾನದಲ್ಲಿ ಅದು ಸ್ಟಿಕ್‌ನ (ಪೈಲಟ್ ಹಿಡಿದು ನಡೆಸುವ ಹಿಡಿಕೆ) ಬುಡಕ್ಕೆ ಜಾರಿ ಸಿಕ್ಕಿಕೊಂಡರೆ ಮೂಗು ಎತ್ತಲಾಗದು, ಕಾಲಡಿಯ ರಡ್ಡರ್ ಪೆಡಲ್‌ನ ಹಿಂದೆ ಸಿಕ್ಕಿಕೊಂಡರೆ ಮೂಗು ಎಡಬಲಕ್ಕೆ ತಿರುಗಿಸಲಾಗದು. ಆಗ ಬಲ ಹಾಕಿದಷ್ಟೂ ಬಿಗಿ. ಮೊದಲು ವಿರುದ್ಧ ದಿಕ್ಕಿಗೆ ಸಡಿಲಿಸಿ ನೋಡಬೇಕು.

ಸಡಿಲ ವಸ್ತುವೇ ತೂಕವಿಲ್ಲದ ಸ್ಥಿತಿ ತಂದದ್ದೂ ಉಂಟು. 2014ರ ಫೆಬ್ರುವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಕ್ಯಾಮೆರಾವೊಂದು ಪೈಲಟ್ ಸೀಟಿನ ತೋಳಿಗೂ ಸೈಡ್‌ಸ್ಟಿಕ್‌ಗೂ (ಸೀಟಿನ ಪಕ್ಕದಲ್ಲಿರುವ ಸ್ಟಿಕ್) ನಡುವೆ ಇತ್ತು. ಸೀಟು ಮುಂದೆ ಸರಿದಾಗ ಅದು ಸ್ಟಿಕ್ಕನ್ನು ಒತ್ತಿತು. 27 ಸೆಕೆಂಡಿನಲ್ಲಿ ವಿಮಾನ 4,400 ಅಡಿ ಕುಸಿಯಿತು, ಪ್ರಯಾಣಿಕರು ಛಾವಣಿಗೆ ಬಡಿದರು.

ಹಾಗಾಗಿ ಜೇಬು ಖಾಲಿ, ಮೊಬೈಲ್ ಜಿಪ್ ಹಾಕಿದ ಚೀಲದೊಳಗೆ. ಬಳಸದ ಸೀಟಿನ ಬೆಲ್ಟನ್ನೂ ಬಿಗಿಯಬೇಕು. ಇದನ್ನೇ ಹಲವರು ಮರೆಯುವುದು. ಸೀಟಿನಡಿ ಟಾರ್ಚ್ ಬಿಟ್ಟು ನೋಡಿ, ಸ್ಟಿಕ್ ಮತ್ತು ಪೆಡಲ್‌ಗಳನ್ನು ಕೊನೆಯವರೆಗೂ ಆಡಿಸಿ ನೋಡಬೇಕು. ರಿಪೇರಿ ಆಗಿದ್ದರೆ ಉಪಕರಣಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೂ ಹಾರಾಟವಿಲ್ಲ.