ಆಪ್ತ ಸಲಹೆ: ಟಿವಿಯ ಧ್ವನಿ ಏರಿಸಿ ಹೊಡೆಯುವವರ ಸಿಟ್ಟು

ಪ್ರಶ್ನೆ: ನನಗೆ 31 ವರ್ಷ, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಮದುವೆಯಾಗಿ ಏಳು ವರ್ಷವಾಗಿದೆ, ಐದು ವರ್ಷದ ಮಗಳಿದ್ದಾಳೆ. ನಮ್ಮ ಯಜಮಾನರು ಊರಿನಲ್ಲಿ ಎಲ್ಲರಿಗೂ ಬೇಕಾದವರು. ಮನೆಯೊಳಗೆ ಮಾತ್ರ ನನ್ನನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ‘ದರಿದ್ರ’, ‘ದಂಡಪಿಂಡ’ ಎಂದೇ ಮಾತು ಶುರುವಾಗುತ್ತದೆ. ನನ್ನ ಎಟಿಎಂ ಕಾರ್ಡ್ ಅವರ ಬಳಿಯೇ ಇರುತ್ತದೆ, ಬಸ್ಸಿನ ಹಣಕ್ಕೂ ಕೈಯೊಡ್ಡಬೇಕು. ವರ್ಷಕ್ಕೆ ಮೂರು ನಾಲ್ಕು ಸಲ ಕೈ ಮಾಡುತ್ತಾರೆ. ಸಿಟ್ಟು ಬಂದರೆ ಅವರಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ, ಅಕ್ಕಪಕ್ಕದವರಿಗೆ ಕೇಳಿಸದಿರಲಿ ಎಂದು ಟಿವಿಯ ಧ್ವನಿ ಏರಿಸಿ ಹೊಡೆಯುತ್ತಾರೆ. ಮರುದಿನ ಅತ್ತು, ಮಗಳ ತಲೆ ಮುಟ್ಟಿ ಆಣೆ ಮಾಡುತ್ತಾರೆ. ಕಳೆದ ತಿಂಗಳು ಮೊದಲ ಬಾರಿ ಕತ್ತು ಹಿಸುಕಿದರು. ಅಮ್ಮ ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ, ಹೊಂದಿಕೊಂಡು ಹೋಗು’ ಎನ್ನುತ್ತಾರೆ. ನನ್ನ ಮಾತೂ ಸ್ವಲ್ಪ ಒರಟು. ತಪ್ಪು ನನ್ನದೇ ಇರಬಹುದೇ? ಮನೆ ಅತ್ತೆಯವರ ಹೆಸರಿನಲ್ಲಿದೆ. ದೂರು ಕೊಟ್ಟರೆ ಅವರು ಜೈಲಿಗೆ ಹೋಗಿ ನಾನು, ಮಗಳು ಬೀದಿಗೆ ಬೀಳುತ್ತೇವೆ ಎಂಬ ಭಯವಿದೆ.
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ತಾಯೀ, ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಸಾಗಿರುವ ಸಂಗತಿಯಿಂದಲೇ ನಾನು ಆರಂಭಿಸಬೇಕಾಗಿದೆ. ಕತ್ತಿಗೆ ಕೈ ಹಾಕಿದ ಗಂಡನಿಂದ ಮುಂದೊಂದು ದಿನ ಹೆಂಡತಿಯ ಪ್ರಾಣವೇ ಹೋಗುವ ಸಂಭವ ಏಳು ಪಟ್ಟು ಹೆಚ್ಚಿರುತ್ತದೆ ಎಂಬುದನ್ನು 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹೊರಗೆ ಗುರುತು ಕಾಣದಿದ್ದರೂ ಕುತ್ತಿಗೆಯ ಒಳಗಿನ ರಕ್ತನಾಳಕ್ಕೆ ಪೆಟ್ಟಾಗಿರಬಹುದು. ಆದ್ದರಿಂದ ತಿಂಗಳು ಕಳೆದಿದೆ ಎಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಧ್ವನಿ ಬದಲಾಗಿದ್ದರೆ ಅಥವಾ ನುಂಗಲು ಕಷ್ಟವಾಗುತ್ತಿದ್ದರೆ ಇಂದೇ ಹೋಗಿ. ಅಲ್ಲಿ ‘ಬಚ್ಚಲಿನಲ್ಲಿ ಜಾರಿಬಿದ್ದೆ’ ಎನ್ನಬೇಡಿ. ನಡೆದದ್ದನ್ನು ನಡೆದಂತೆ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನು ತಪ್ಪಿನ ಮಾತು. ಅವರಿಗೆ ಪ್ರಜ್ಞೆ ಇರುವುದಿಲ್ಲ ಎಂದು ಬರೆದ ವಾಕ್ಯದಲ್ಲಿಯೇ ನೀವು ಟಿವಿಯ ವಿಷಯವನ್ನೂ ಬರೆದಿದ್ದೀರಿ. ಆ ಕ್ಷಣವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ: ಅವರು ರಿಮೋಟ್ ಹುಡುಕುತ್ತಾರೆ, ಹೊರಗೆ ಕೇಳಿಸಬಾರದಷ್ಟು ಧ್ವನಿ ಏರಿಸುತ್ತಾರೆ, ರಿಮೋಟನ್ನು ಕೆಳಗಿಡುತ್ತಾರೆ, ಅನಂತರ ಕೈ ಎತ್ತುತ್ತಾರೆ. ಇಷ್ಟೆಲ್ಲವನ್ನೂ ಒಂದಾದ ಮೇಲೊಂದು ಮಾಡಬಲ್ಲವರಿಗೆ ತಾವೇನು ಮಾಡುತ್ತಿದ್ದೇವೆ ಎಂಬುದು ಚೆನ್ನಾಗಿಯೇ ಗೊತ್ತಿರುತ್ತದೆ. ಊರಿನವರೊಡನೆಯೂ ಅವರಿಗೆ ಭಿನ್ನಾಭಿಪ್ರಾಯ ಬರುತ್ತದೆ, ಆದರೆ ಅಲ್ಲಿ ಕೈ ಏಳುವುದಿಲ್ಲ. ನಿಮ್ಮ ಮಾತು ಒರಟೇ ಆಗಿರಲಿ, ಅದಕ್ಕೆ ಒರಟಾಗಿ ಮರುಮಾತಾಡಬಹುದಿತ್ತು, ಎದ್ದು ಹೊರಗೆ ಹೋಗಬಹುದಿತ್ತು. ಹೊಡೆಯುವುದನ್ನು ಆರಿಸಿಕೊಂಡವರು ಅವರು. ಮರುದಿನದ ಕಣ್ಣೀರು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಕಣ್ಣೀರಿನ ನಂತರವೂ ಎಟಿಎಂ ಕಾರ್ಡ್ ನಿಮ್ಮ ಕೈಗೆ ಮರಳಿಲ್ಲ ಎಂಬುದನ್ನು ಗಮನಿಸಿ.

ನಮ್ಮ ಕಾನೂನು ಕೂಡ ಹಿಂಸೆಯೆಂದರೆ ಹೊಡೆತವೊಂದೇ ಎಂದು ಭಾವಿಸಿಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ, 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ಪ್ರಕಾರ ಹೆಸರಿಟ್ಟು ಹೀನಾಯವಾಗಿ ಬಯ್ಯುವುದೂ ಹಿಂಸೆ, ದುಡಿದ ಹಣವನ್ನು ಕೈಗೆ ಸಿಗದಂತೆ ಮಾಡುವುದೂ ಹಿಂಸೆ. ಈ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶದಿಂದ ಗಂಡ ಜೈಲಿಗೆ ಹೋಗುವುದಿಲ್ಲ. ಮತ್ತೆ ಹಿಂಸಿಸಬಾರದೆಂದು ಅವರನ್ನು ಅದು ಕಟ್ಟಿಹಾಕುತ್ತದೆ. ಅದನ್ನು ಮೀರಿದರೆ ಮಾತ್ರ 1 ವರ್ಷದವರೆಗೆ ಸೆರೆವಾಸ, 20,000 ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಹೆಂಡತಿಯ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಕೊಡುವ, ಹಿಂದಿನ ದಂಡ ಸಂಹಿತೆಯ 498ಎ, ಅಂದರೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಅಡಿಯಲ್ಲಿ ಕ್ರಿಮಿನಲ್ ದೂರು ಕೊಡುವುದು ಬೇರೆಯೇ ದಾರಿ. ಅದನ್ನು ಹಿಡಿಯಬೇಕೇ ಬೇಡವೇ ಎಂಬುದು ನಿಮಗೆ ಬಿಟ್ಟದ್ದು.

ಮನೆಯ ವಿಷಯದಲ್ಲಿಯೂ ನೀವು ಅಂದುಕೊಂಡಷ್ಟು ನಿರಾಧಾರರಲ್ಲ. ಮನೆ ಅತ್ತೆಯ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಸೊಸೆಗೆ ವಾಸದ ಹಕ್ಕಿಲ್ಲ ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್‌ನಲ್ಲಿ ಹೇಳಿದೆ. ಅಲ್ಲಿರುವುದು ಬೇಡವೆನಿಸಿದರೆ ಬೇರೆ ಮನೆಯನ್ನೋ ಬಾಡಿಗೆಯನ್ನೋ ಗಂಡನಿಂದ ಕೊಡಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ತವರಿಗೆ ಹೋಗಿದ್ದರೆ ಆ ಊರಿನ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಈ ಕಾಯ್ದೆಯ ಸಂರಕ್ಷಣಾಧಿಕಾರಿಗಳು. ನಿಮ್ಮ ಮಾತನ್ನು ಬರೆದುಕೊಂಡು ವರದಿ ಮಾಡುವುದು ಅವರ ಕರ್ತವ್ಯ. ವಕೀಲರ ಖರ್ಚಿಗೆ ಅಂಜಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತವಾಗಿ ಸಿಗುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದರೆ, ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆ ನೆರವಾಗುವ ಸಖಿ ಕೇಂದ್ರದ ದಾರಿ ತೋರಿಸುತ್ತಾರೆ, ಪ್ರಾಣಕ್ಕೆ ಅಪಾಯವೆನಿಸಿದ ಗಳಿಗೆಯಲ್ಲಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ.

ಹೊರಡುವ ಸಮಯವೇ ಅತ್ಯಂತ ಅಪಾಯದ ಸಮಯ, ಆದ್ದರಿಂದ ‘ಬಿಟ್ಟು ಹೋಗುತ್ತೇನೆ’ ಎಂದು ಮೊದಲೇ ಹೇಳಬೇಡಿ. ಆಧಾರ್, ಪಾಸ್‌ಬುಕ್, ಮದುವೆಯ ಫೋಟೊ, ಮಗಳ ಜನನ ಪ್ರಮಾಣಪತ್ರಗಳನ್ನು ಶಾಲೆಯಲ್ಲಿ ನಂಬಿಕಸ್ಥ ಸಹೋದ್ಯೋಗಿಯ ಕಪಾಟಿನಲ್ಲಿಡಿ. 181ಕ್ಕೆ ಮಾಡಿದ ಕರೆಯನ್ನು ಮೊಬೈಲಿನಿಂದ ಅಳಿಸಿ. ಈ ಪುಟವೂ ಅವರ ಕಣ್ಣಿಗೆ ಬೀಳದಿರಲಿ. ಹಿರಿಯರು ಇಬ್ಬರನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಮುಂದಾದರೆ ಸದ್ಯಕ್ಕೆ ಒಪ್ಪಬೇಡಿ. ಅಲ್ಲಿ ನೀವು ಬಾಯಿಬಿಟ್ಟು ಆಡಿದ ಮಾತಿಗೆ ಲೆಕ್ಕ ಚುಕ್ತಾ ಆಗುವುದು ಮನೆಗೆ ಮರಳಿದ ಮೇಲೆ.

ನಿಮ್ಮ ತಾಯಿಯವರಿಗೂ ಒಂದು ಮಾತು. ಅಮ್ಮಾ, ನೀವು ಹೇಳಿದ ಗಾದೆ ಜಗಳದ್ದು, ಅದರಲ್ಲಿ ಇಬ್ಬರೂ ಉಂಡು ಮಲಗುತ್ತಾರೆ. ಒಬ್ಬರು ಉಂಡು ಮಲಗಿ, ಇನ್ನೊಬ್ಬರು ಊದಿದ ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಎಚ್ಚರವಾಗಿರುವ ಮನೆಗೆ ಅದು ಹೊಂದುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆಯಾಗಿದೆ ಎಂದಿದ್ದಾರೆ. ದೇಶದ ಸರಾಸರಿ 29. ನಮ್ಮ ರಾಜ್ಯದ ಈ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಮೊದಲು ಹೋಗಿ ನಿಂತಿರುವುದು ತವರಿನ ಬಾಗಿಲಲ್ಲಿಯೇ. ನಿಮ್ಮ ಮಗಳು ಬಂದಾಗ ಬಾಗಿಲು ತೆರೆದು ಒಳಗೆ ಕರೆದುಕೊಳ್ಳಿ.

ಪ್ರಶ್ನೆ: ನಾನು ಗಂಡಸು, 36 ವರ್ಷ. ಹೆಂಡತಿ ಮಾತುಮಾತಿಗೆ ನನ್ನನ್ನೂ ಸತ್ತ ತಂದೆಯನ್ನೂ ಹೀಯಾಳಿಸುತ್ತಾಳೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾಳೆ. ಈಚೆಗೆ ಬಿಸಿ ಚಹಾ ಎರಚಿ ತೋಳು ಸುಟ್ಟಿತು. ಗೆಳೆಯರಿಗೆ ಹೇಳಿದರೆ ನಗುತ್ತಾರೆ. ಬಳ್ಳಾರಿಯಲ್ಲಿರುವ ಅಕ್ಕನಿಗೆ ಹೇಳಲು ನಾಚಿಕೆ.
– ಹೆಸರು ಬೇಡ, ಕೊಪ್ಪಳ

ಉತ್ತರ: ಸುಟ್ಟ ತೋಳಿನಲ್ಲಿ ನಗುವಂಥದ್ದು ಏನೂ ಇಲ್ಲ ಸಹೋದರ, ನಿಮಗಾದದ್ದೂ ಹಿಂಸೆಯೇ. 2005ರ ಕಾಯ್ದೆಯ ರಕ್ಷಣೆ ಮಹಿಳೆಯರಿಗೆ ಮಾತ್ರ. ಆದರೆ ಬೇಕೆಂದೇ ಗಾಯ ಮಾಡುವುದು ಯಾರು ಯಾರಿಗೆ ಮಾಡಿದರೂ ನ್ಯಾಯ ಸಂಹಿತೆಯಲ್ಲಿ ಅಪರಾಧ, ಮತ್ತು ಹಿಂದೂ ವಿವಾಹ ಕಾಯ್ದೆಯಲ್ಲಿ ಕ್ರೌರ್ಯವು ಗಂಡನಿಗೂ ಹೆಂಡತಿಗೂ ವಿಚ್ಛೇದನದ ಆಧಾರ. ಗಾಯವನ್ನು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲಿಸಿ. ಎಷ್ಟೇ ರೇಗಿದರೂ ಮರುಹೊಡೆತಕ್ಕೆ ಕೈ ಎತ್ತಬೇಡಿ, ಚಪ್ಪಲಿ ಮೆಟ್ಟಿ ಹೊರಗೆ ನಡೆಯಿರಿ. ನಿದ್ದೆ ಕೆಟ್ಟು ಬದುಕೇ ಬೇಡವೆನಿಸಿದರೆ 14416ಕ್ಕೆ ಕರೆ ಮಾಡಿ. ಟೆಲಿ ಮನಸ್ ಸಹಾಯವಾಣಿಯವರು ಹಗಲು ರಾತ್ರಿ ಕನ್ನಡದಲ್ಲಿಯೇ ಮಾತನಾಡುತ್ತಾರೆ. ನಗುವ ಗೆಳೆಯರನ್ನು ಬಿಟ್ಟುಬಿಡಿ. ಬರುವ ಭಾನುವಾರ ಬಳ್ಳಾರಿಗೆ ಹೋಗಿ, ಹೇಳಲು ಬಾಯಿ ಬಾರದಿದ್ದರೆ ಅಂಗಿಯ ತೋಳು ಮಡಿಸಿ ಅಕ್ಕನ ಎದುರು ಕುಳಿತುಕೊಳ್ಳಿ.